ಒಂದೇ ಹುದ್ದೆ, ಎರಡು ಅರ್ಜಿ

ಪರದೆಯ ಮೇಲಿದ್ದ ಒಪ್ಪಿಗೆ ಪತ್ರವನ್ನು ನೀಲಾ ಗಟ್ಟಿಯಾಗಿ ಓದತೊಡಗಿದಾಗ ಸಭಾಂಗಣದಲ್ಲಿ ಆಗಲೇ ನಗು ಶುರುವಾಗಿತ್ತು.

“‘ಸದರಿ ಶಸ್ತ್ರಚಿಕಿತ್ಸೆಯಿಂದ ಉದ್ಭವಿಸಬಹುದಾದ ಸಕಲ ಸಾಧಕ-ಬಾಧಕಗಳಿಗೆ ನಾನೇ ಸಂಪೂರ್ಣ ಹೊಣೆಗಾರನಾಗಿದ್ದು...’” ಆಕೆ ಅರ್ಧಕ್ಕೆ ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡಳು. “ಇದನ್ನ ಒಬ್ಬ ಅಜ್ಜಿ ಮುಂದ ಓದಿ ನೋಡ್ರಿ. ಆಪರೇಶನ್ನಿಗೆ ಬಂದಾಕಿ, ನಾ ಜೈಲಿಗೆ ಹೊಂಟೀನಿ ಅಂತ ತಿಳಕೋತಾಳ. ಇದನ್ನ ಬರದ ಮನಷ್ಯಾಗ ಕಣ್ಣು ಇದ್ದುವೋ ಇಲ್ಲೋ ಗೊತ್ತಿಲ್ಲ. ಮನಿಯಾಗ ಅವ್ವ ಅಂತೂ ಇರಲಿಲ್ಲ ಅನಸ್ತೈತಿ.”

ನಗು ಇನ್ನಷ್ಟು ಜೋರಾಯಿತು. ಅದು ತಣ್ಣಗಾಗುವ ಮೊದಲೇ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

“ಮೇಡಂ, ಅದನ್ನ ಬರದಾಂವ ನಾನ. ಕಣ್ಣು ಎರಡೂ ಅದಾವ್ರಿ. ಅವ್ವನೂ ಅದಾಳ, ಮುಂಡರಗಿಯೊಳಗ.”

ನೀಲಾಳ ಕಿವಿಯ ತನಕ ಬಿಸಿ ಹತ್ತಿತು.

ಗದಗದಲ್ಲಿ ಆವತ್ತು ಜಿಲ್ಲೆಯ ಆಸ್ಪತ್ರೆಗಳ ಸಿಬ್ಬಂದಿಗೆ ಒಂದು ದಿನದ ತರಬೇತಿ ಇತ್ತು. ರೋಗಿಗಳ ಹಕ್ಕುಗಳ ಬಗ್ಗೆ ಮಾತನಾಡಲು ನೀಲಾಳನ್ನು ಕರೆಸಿದ್ದರು. ಅಸುಂಡಿಯ ಗಾಳೆಪ್ಪನ ಮಗಳು, ವಯಸ್ಸು ಇಪ್ಪತ್ತೊಂಬತ್ತು. ಆರೋಗ್ಯ ಕಾನೂನಿನಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸಿ, ಬೆಟಗೇರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಆ ಪತ್ರದ ಮೇಲಿದ್ದ ಆಸ್ಪತ್ರೆಯ ಹೆಸರನ್ನು ಆಕೆ ಜಾಗ್ರತೆಯಿಂದ ಅಳಿಸಿದ್ದಳು. ಬರೆದವನೇ ಎದುರು ಕುಳಿತಿರುತ್ತಾನೆಂದು ಅವಳಿಗೇನು ಗೊತ್ತು?

ಚಹಾದ ವೇಳೆಗೆ ಅವನನ್ನು ಹುಡುಕಿಕೊಂಡು ಹೋದಳು. ಅವನು ಮಿರ್ಚಿಯ ಪ್ಲೇಟು ಹಿಡಿದು ಕಿಟಕಿಯ ಬಳಿ ನಿಂತಿದ್ದ. ಎತ್ತರದ, ಸಣಕಲು ಆಳು. ಅಂಗಿಯ ಕಿಸೆಯಲ್ಲಿ ಮೂರು ಬಣ್ಣದ ಪೆನ್ನು.

“ನಿಮ್ಮ ಅವ್ವನ ಬಗ್ಗೆ ಹಂಗ ಅನ್ನಬಾರದಿತ್ತು. ತಪ್ಪಾತು,” ಎಂದಳು.

“ಪತ್ರದ ಬಗ್ಗೆ ಅಂದಿದ್ದು ತಪ್ಪಾತೇನು?”

“ಅದು ತಪ್ಪಾಗಿಲ್ಲ.”

ಅವನು ನಕ್ಕ. ನಗುವಾಗ ಮೊದಲು ಕಣ್ಣು ಸಣ್ಣದಾಗಿ, ಆಮೇಲೆ ತುಟಿ ಅರಳುತ್ತಿತ್ತು. “ಹಂಗಾರ ಒಂದು ಕೆಲಸ ಮಾಡ್ರಿ. ನಮ್ಮದು ಮೂವತ್ತು ಹಾಸಿಗಿ ಕಣ್ಣಿನ ಆಸ್ಪತ್ರಿ. ನಾ ಅಲ್ಲಿ ಮ್ಯಾನೇಜರ್, ಕೊಟ್ರೇಶ ಅಂತ. ಬರೋ ವಾರ ಮತ್ತ ಇಪ್ಪತ್ತು ಮಂದಿ ಇದ ಕಾಗದಕ್ಕ ಹೆಬ್ಬೆಟ್ಟು ಒತ್ತತಾರ. ಹಳೇ ವಕೀಲರ ಕಾಗದ ನೋಡಿ ನಾ ಬರದದ್ದು, ಕೆಟ್ಟೈತಿ. ಒಪ್ಪತೀನಿ. ತಿದ್ದಾಕ ಬರ್ತೀರೇನು?”

ಬೈಸಿಕೊಂಡ ಮನುಷ್ಯ ಹೀಗೆ ನೆಟ್ಟಗೆ ಕಣ್ಣಿಟ್ಟು ಸಹಾಯ ಕೇಳಿದ್ದನ್ನು ನೀಲಾ ಈವರೆಗೆ ಕಂಡಿರಲಿಲ್ಲ. ಇಲ್ಲ ಎನ್ನಲು ಆಕೆಯ ಬಳಿ ಕಾರಣಗಳಿದ್ದವು. ಒಂದೂ ನಾಲಿಗೆಗೆ ಬರಲಿಲ್ಲ.

“ಶನಿವಾರ ಬರ್ತೀನಿ,” ಎಂದಳು.

*

ಶನಿವಾರ ಮುಂಡರಗಿಯ ಬಸ್ ನಿಲ್ದಾಣದಲ್ಲಿ ಅವನು ಕಾಯುತ್ತಿದ್ದ. ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಗೆ ಗಾಜಿನ ಬಾಗಿಲಿನ ಕಪಾಟು. ನೀಲಾ ಬರುವಾಗಲೇ ಹೊಸ ಪತ್ರದ ಕರಡು ಬರೆದು ತಂದಿದ್ದಳು. ಕಾನೂನಿನ ಒಂದು ಅಂಶವನ್ನೂ ಬಿಟ್ಟಿರಲಿಲ್ಲ. ಹೆಮ್ಮೆಯಿಂದ ಅವನ ಮುಂದಿಟ್ಟಳು.

ಕೊಟ್ರೇಶ ಓದಿದ. ಎದ್ದು ಹೋಗಿ, ಶಿರಹಟ್ಟಿ ಕಡೆಯಿಂದ ಆಪರೇಶನ್ನಿಗೆ ಬಂದಿದ್ದ ಸಾವಕ್ಕ ಎಂಬ ಮುದುಕಿಯನ್ನು ಕೈಹಿಡಿದು ಕರೆತಂದ.

“ಮೇಡಂ ಓದತಾರ. ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅನ್ನಬೇಕು, ಆಯಿ.”

ನೀಲಾ ಓದಿದಳು. “ನಿಮ್ಮ ಕಣ್ಣಿನೊಳಗಿನ ಮಸೂರವನ್ನು ತೆಗೆದು ಕೃತಕ ಮಸೂರವನ್ನು...”

“ಮೊಸರಾ?” ಸಾವಕ್ಕ ಕಿವಿ ಮುಂದೆ ಚಾಚಿದಳು. “ಕಣ್ಣಾಗ ಮೊಸರು ಯಾಕ ಹಾಕತೀಯವ್ವಾ?”

ಕೊಟ್ರೇಶ ಕಿಟಕಿಯ ಕಡೆ ತಿರುಗಿ ನಿಂತ. ಅವನ ಭುಜಗಳು ಅಲುಗುತ್ತಿದ್ದವು. ನೀಲಾ ಸಿಟ್ಟಾಗಲು ಪ್ರಯತ್ನಿಸಿ, ಆಗದೆ, ತಾನೂ ನಕ್ಕುಬಿಟ್ಟಳು. ಯಾಕೆಂದು ತಿಳಿಯದಿದ್ದರೂ ಸಾವಕ್ಕನೂ ಸೇರಿಕೊಂಡಳು.

ಹೀಗೆ ಕೆಲಸ ಶುರುವಾಯಿತು. ಯಾವ ಮಾತು ಹೇಳಲೇಬೇಕು ಎನ್ನುವುದು ನೀಲಾಳಿಗೆ ಗೊತ್ತಿತ್ತು. ಅದನ್ನು ಹೇಗೆ ಹೇಳಬೇಕು ಎನ್ನುವುದು ಕೊಟ್ರೇಶನಿಗೆ. ‘ನಿಮ್ಮ ಕಣ್ಣಾಗ ಪೊರಿ ಬೆಳದೈತಿ, ಅದನ್ನ ತಗದು ಕನ್ನಡಕದಾಗಿನಂಥಾ ಸಣ್ಣ ಬಿಲ್ಲಿ ಕೂಡಸ್ತೀವಿ’ ಎಂದು ಅವನು ಹಸಿರು ಪೆನ್ನಿನಲ್ಲಿ ಬರೆದ. ‘ನೂರರಾಗ ಒಬ್ಬಿಬ್ಬರಿಗೆ ತೊಂದರಿ ಆಗಬಹುದು’ ಎಂದು ಆಕೆ ಕೆಂಪು ಪೆನ್ನಿನಲ್ಲಿ ಸೇರಿಸಿದಳು. ಇಬ್ಬರೂ ಒಂದೇ ಸಾಲಿಗೆ ಬಾಗಿದಾಗ ಅವಳ ಜಡೆ ಅವನ ಮೊಣಕೈ ಮೇಲೆ ಬಿತ್ತು. ಅವನು ಕೈ ಅಲುಗಿಸದೆ ಹಾಗೇ ಕುಳಿತ. ಆ ಪುಟ ಮುಗಿಯುವವರೆಗೂ.

ಎಲ್ಲ ಓದಿಯಾದ ಮೇಲೆ ಸಾವಕ್ಕ ಒಂದು ಪ್ರಶ್ನೆ ಕೇಳಿದಳು.

“ಎಲ್ಲಾ ತಿಳೀತು. ಆದ್ರ ನಾ ಬ್ಯಾಡ ಅಂದ್ರ ಬೈತೀರೇನು?”

ಆರು ವರ್ಷ ಕಾನೂನಿನ ಪುಸ್ತಕ ಓದಿದ ನೀಲಾಳಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಕೊಟ್ರೇಶ ನಿಧಾನವಾಗಿ ಕುಳಿತು, ಪತ್ರದ ಕೊನೆಗೆ ಒಂದು ಸಾಲು ಸೇರಿಸಿದ. ‘ನೀವು ಬ್ಯಾಡ ಅಂದ್ರ ಇಲ್ಲಿ ಯಾರೂ ಬಯ್ಯೂದಿಲ್ಲ. ಮತ್ತ ಯಾವಾಗರ ಬಂದ್ರೂ ನೋಡ್ತೀವಿ.’

ಸಾವಕ್ಕ ಅದನ್ನು ಎರಡು ಸಲ ಓದಿಸಿದಳು. “ಹಂಗಾರ ಮಾಡಸ್ಕೋತೀನಿ ಬಿಡು,” ಎಂದು ಹೆಬ್ಬೆರಳು ಮುಂದೆ ಚಾಚಿದಳು.

*

ಹೊಸ ಪತ್ರ ರೋಗಿಗಳಿಗೆ ಎಷ್ಟು ತಿಳಿಯುತ್ತದೆ ಎಂದು ಅಳೆಯುವ ಅಧ್ಯಯನಕ್ಕೆಂದು ಒಂದು ಶನಿವಾರ ನಾಲ್ಕಾಯಿತು, ನಾಲ್ಕು ಹದಿನಾರಾಯಿತು. ಗದಗದಿಂದ ಡಂಬಳ ದಾಟಿ ಮುಂಡರಗಿಗೆ ಹೋಗುವ ಬಸ್ಸಿನಲ್ಲಿ ನೀಲಾಳಿಗೆ ಕಿಟಕಿಯ ಸೀಟು ಅಭ್ಯಾಸವಾಯಿತು. ಕಪ್ಪತಗುಡ್ಡ ಕಂಡ ಕೂಡಲೇ ಎದೆಯೊಳಗೆ ಯಾರೋ ಡೊಳ್ಳು ಬಾರಿಸಿದಂತಾಗುತ್ತಿತ್ತು. ಇದು ಸಂಶೋಧನೆಯ ಉತ್ಸಾಹ ಎಂದು ಆಕೆ ಬಹಳ ದಿನ ತನಗೆ ತಾನೇ ಹೇಳಿಕೊಂಡಳು.

“ಮೇಡಂ ಬರೋ ದಿವಸ ನಮ್ಮ ಸರ್ ಎರಡು ಸಲ ತಲಿ ಬಾಚ್ತಾರ,” ಎಂದು ಹಿರಿಯ ನರ್ಸ್ ರಮಜಾನಬಿ ಒಮ್ಮೆ ಎಲ್ಲರ ಮುಂದೆಯೇ ಅಂದಳು.

“ಗಾಳಿ ಭಾಳ ಐತಿ ಅಕ್ಕಾ,” ಎಂದ ಕೊಟ್ರೇಶ.

“ಗಾಳಿ ಬರೇ ಶನಿವಾರ ಬೀಸತೈತೇನು?”

ನೀಲಾ ಕಾಗದದ ಮೇಲಿಂದ ತಲೆ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಕಪಾಟಿನ ಗಾಜಿನಲ್ಲಿ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಆಕೆ ಬರೆಯುವಾಗ ಅವನು ನೋಡುವುದು, ಆಕೆ ಪೆನ್ನು ಕೆಳಗಿಟ್ಟ ಕೂಡಲೇ ರಿಜಿಸ್ಟರಿನತ್ತ ಕಣ್ಣು ತಿರುಗಿಸುವುದು, ಎಲ್ಲವೂ. ಎರಡು ತಿಂಗಳಿಂದ ಆಕೆ ಆ ಗಾಜನ್ನು ಓದುತ್ತಿದ್ದಳು. ಅವನಿಗೆ ಅದು ಗೊತ್ತಿರಲಿಲ್ಲ.

ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಲ್ದಾಣದ ಬೆಂಚಿನ ಮೇಲೆ ಕುಳಿತಾಗ ಅವನು ಕೇಳಿದ. “ಕಾನೂನು ಕಲತು ಎಲ್ಲಾರೂ ಕೋರ್ಟಿಗೆ ಹೋಗ್ತಾರ. ನೀವ್ಯಾಕ ಆಸ್ಪತ್ರಿ ಕಾಗದದ ಹಿಂದ ಬಿದ್ರಿ?”

ಈ ಪ್ರಶ್ನೆಗೆ ನೀಲಾಳ ಬಳಿ ವೇದಿಕೆಯ ಮೇಲೆ ಹೇಳುವ ಉತ್ತರ ಒಂದಿತ್ತು. ಆವತ್ತು ಅದನ್ನು ಹೇಳಲಿಲ್ಲ.

“ನಾ ಏಳನೇತ್ತಾ ಇದ್ದಾಗ ನಮ್ಮವ್ವಗ ಹೊಟ್ಟಿನೋವು ಬಂತು. ಬ್ಯಾರೆ ಊರಿನ ಒಂದು ಆಸ್ಪತ್ರಿಯೊಳಗ ಆಪರೇಶನ್ ಮಾಡಿದ್ರು. ಹೊಟ್ಟಿಯೊಳಗಿನ ಗಡ್ಡಿ ತಗದಾರ ಅಂತ ಆಕಿ ತಿಳಕೊಂಡಿದ್ಲು. ಗರ್ಭಕೋಶನ ತಗದಾರ ಅಂತ ಗೊತ್ತಾಗಿದ್ದು ಮೂರು ತಿಂಗಳ ಮ್ಯಾಲೆ, ಬ್ಯಾರೆ ಡಾಕ್ಟರ್ ಹೇಳಿದಾಗ. ಕಾಗದದ ಮ್ಯಾಲೆ ಸಹಿ ಇತ್ತು. ನಮ್ಮವ್ವಂದ ಸಹಿ. ಆಕಿಗೆ ಸಹಿ ಮಾಡಾಕ ಕಲಿಸಿದಾಕಿ ನಾನ.”

ಬಸ್ಸು ಬಂತು. ಎರಡೂ ಕೈ ಮೊಣಕಾಲ ಮೇಲಿಟ್ಟು ಕೊಟ್ರೇಶ ಹಾಗೇ ಕುಳಿತಿದ್ದ.

“ಮುಂದಿನ ಬಸ್ಸಿಗೆ ಹೋಗ್ರಿ. ಇನ್ನೊಂದು ಐತಿ,” ಎಂದ.

ಆಕೆ ಆ ಬಸ್ಸು ಹತ್ತಲಿಲ್ಲ. ಮುಂದಿನ ಬಸ್ಸಿನವರೆಗೆ ಅವನು ತನ್ನ ಕಥೆ ಹೇಳಿದ. ಹುಬ್ಬಳ್ಳಿಯಲ್ಲಿ ಆಸ್ಪತ್ರೆ ನಿರ್ವಹಣೆ ಓದಿದ್ದು, ಉಪನ್ಯಾಸಕರ ನೆಟ್ ಪರೀಕ್ಷೆ ಪಾಸಾಗಿದ್ದು, ಪ್ರತಿ ಬುಧವಾರ ಮಧ್ಯಾಹ್ನ ಆಸ್ಪತ್ರೆಯ ನರ್ಸುಗಳಿಗೆ ಪಾಠ ಹೇಳುವುದು. “ಬೋರ್ಡಿನ ಮುಂದ ನಿಂತ್ರ ನಾ ಬ್ಯಾರೆ ಮನಷ್ಯಾನ ಆಗತೀನಿ ನೋಡ್ರಿ,” ಎಂದು ನಾಚುತ್ತ ಹೇಳಿದ. ಆ ನಾಚಿಕೆಯನ್ನು ನೀಲಾ ಗದಗದವರೆಗೂ ತನ್ನ ಜೊತೆ ಒಯ್ದಳು.

ನಾಲ್ಕು ತಿಂಗಳಲ್ಲಿ ಇನ್ನೂರು ಜನರಿಗೆ ಹೊಸ ಪತ್ರ ಓದಿದ್ದರು. ಹಳೆಯ ಪತ್ರ ಕೇಳಿದವರಲ್ಲಿ ಹತ್ತಕ್ಕೆ ಇಬ್ಬರು ಮಾತ್ರ ತಮಗೇನು ಮಾಡುತ್ತಾರೆಂದು ತಿರುಗಿ ಹೇಳಬಲ್ಲವರಾಗಿದ್ದರು. ಹೊಸ ಪತ್ರ ಕೇಳಿದವರಲ್ಲಿ ಹತ್ತಕ್ಕೆ ಎಂಟು ಮಂದಿ. ಏಳು ಜನ ಬೇಡ ಎಂದು ಮನೆಗೆ ಹೋದರು. ಅವರಲ್ಲಿ ಐವರು ತಾವಾಗಿಯೇ ಮರಳಿ ಬಂದರು. ಇದನ್ನೆಲ್ಲ ಇಬ್ಬರೂ ಸೇರಿ ಬರೆದ ಪ್ರಬಂಧವನ್ನು ಒಂದು ಒಳ್ಳೆಯ ಸಂಶೋಧನಾ ಪತ್ರಿಕೆ ಸ್ವೀಕರಿಸಿದ ದಿನ ಕೊಟ್ರೇಶ ಫೋನಿನಲ್ಲಿ ಕೂಗಿದ್ದು ಕಾಲೇಜಿನ ಸ್ಟಾಫ್ ರೂಮಿಗೆಲ್ಲ ಕೇಳಿಸಿತು.

“ಎರಡೂ ಹೆಸರು ಬಾಜೂಬಾಜೂ ಅದಾವ್ರಿ!”

“ನೋಡೀನಿ,” ಎಂದಳು ನೀಲಾ. ಅಷ್ಟರಲ್ಲಾಗಲೇ ಹನ್ನೊಂದು ಸಲ ನೋಡಿದ್ದಳು.

*

ಮುಂದಿನ ತಿಂಗಳು ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಒಂದು ಹುದ್ದೆಗೆ ಅರ್ಜಿ ಕರೆದರು. ಆರೋಗ್ಯ ನೀತಿ ಮತ್ತು ಆಸ್ಪತ್ರೆ ನಿರ್ವಹಣೆ ವಿಷಯಕ್ಕೆ ಸಹಾಯಕ ಪ್ರಾಧ್ಯಾಪಕ ಹುದ್ದೆ, ಒಂದೇ ಒಂದು. ಅಸುಂಡಿಯ ಮನೆಯಿಂದಲೇ ಹೋಗಿಬರಬಹುದಾದ ದೂರ. ನೀಲಾ ಅರ್ಜಿ ಹಾಕಿದಳು. ಕೊಟ್ರೇಶನಿಗೆ ಹೇಳಲಿಲ್ಲ. ಸಿಗದಿದ್ದರೆ ಅವನ ಮುಂದೆ ಸಣ್ಣವಳಾಗುತ್ತೇನೆ ಎನ್ನುವ ಹಿಂಜರಿಕೆ.

ಸಂದರ್ಶನಕ್ಕೆ ಆಯ್ಕೆಯಾದವರ ಪಟ್ಟಿ ಬಂದಾಗ ಅದನ್ನು ಮೊದಲು ನೋಡಿದವಳು ಸಹೋದ್ಯೋಗಿ ಅಮೀರಾ.

“ಲೇ ನೀಲಾ, ನಿನ್ನ ಹೆಸರು ನಾಕನೇದು. ಮತ್ತ ಎರಡನೇದು ಯಾರ್ದು ನೋಡು.”

ಎರಡನೆಯದು ಕೊಟ್ರೇಶನದು.

ನೀಲಾ ಮೊಬೈಲನ್ನು ಮೇಜಿನ ಮೇಲೆ ಕವುಚಿ ಹಾಕಿದಳು. “ಪ್ರತಿ ಶನಿವಾರ ಬಾಜೂಕ ಕುಂತು ಕೆಲಸ ಮಾಡ್ತಾನ. ಒಂದು ಮಾತು ಹೇಳಲಿಲ್ಲ ನೋಡು.”

“ನೀ ಹೇಳಿದ್ದೇನು?” ಎಂದಳು ಅಮೀರಾ.

ನೀಲಾ ಕವುಚಿದ ಮೊಬೈಲನ್ನು ಮತ್ತೆ ಕೈಗೆತ್ತಿಕೊಂಡಳು.

ಫೋನು ಕೊಟ್ರೇಶನ ಕಡೆಯಿಂದಲೇ ಬಂತು. ಆಕೆ ಜಗುಲಿಗೆ ಹೋಗಿ ನಿಂತು ಎತ್ತಿದಳು.

“ನಿಮ್ಮದು ನಾಕನೇದು,” ಎಂದ.

“ನಿಮ್ಮದು ಎರಡನೇದು.”

“ಆಗಲಿಲ್ಲ ಅಂದ್ರ ನಿಮ್ಮ ಮುಂದ ಹೆಂಗ ನಿಂದರಲಿ ಅಂತ ಹೇಳಲಿಲ್ರಿ.”

ತನ್ನ ಕಾರಣವೇ ಅವನ ಬಾಯಿಂದ ಬಂದದ್ದು ಕೇಳಿ ಆಕೆಯ ಸಿಟ್ಟು ಅರ್ಧ ಇಳಿಯಿತು. ಅವನ ಮುಂದಿನ ಮಾತು ಅದನ್ನು ಮತ್ತೆ ಎಬ್ಬಿಸಿತು.

“ನಾ ಹಿಂದ ಸರಿಯಲೇನು? ನಿಮಗ ಆ ಕೆಲಸ...”

“ಸರದ್ರ ನೋಡ್ರಿ!” ಜಗುಲಿಯಲ್ಲಿದ್ದ ಇಬ್ಬರು ವಿದ್ಯಾರ್ಥಿನಿಯರು ತಿರುಗಿ ನೋಡಿದರು. ಆಕೆ ದನಿ ತಗ್ಗಿಸಿದಳು. “ಹಿಂದ ಸರದ್ರ ಮತ್ತ ನಿಮ್ಮ ಜೋಡಿ ಮಾತಾಡಂಗಿಲ್ಲ. ನೀವು ಬಿಟ್ಟುಕೊಟ್ಟ ಕುರ್ಚಿ ಮ್ಯಾಲೆ ಜೀವನಪೂರ್ತಿ ಕುಂಡ್ರಲೇನು ನಾನು? ಬರ್ರಿ. ನಿಮ್ಮನ್ನ ಸೋಲಿಸೇ ತಗೋತೀನಿ.”

ಆ ಕಡೆಯಿಂದ ಅವನ ನಗು, ತುಂಬಿದ ನಗು. “ಸೋಲಸ್ರಿ ನೋಡೂಣು. ನಾ ಏನು ಸುಮ್ನ ಕೊಡಂಗಿಲ್ಲ ಮತ್ತ.”

“ಬ್ಯಾಡ, ಕೊಡಬ್ಯಾಡ್ರಿ.”

“ಒಂದು ಮಾತು. ನಿರ್ವಹಣಾ ಭಾಗದಾಗ ನೀವು ಕಚ್ಚಾ ಅದೀರಿ. ಹಾಸಿಗಿ ಬಳಕಿ ಲೆಕ್ಕ ಕೇಳಿದ್ರ ಸಿಗಬೀಳ್ತೀರಿ.”

“ನೀವು ಕಾನೂನಿನಾಗ. ತುರ್ತುಚಿಕಿತ್ಸಾದಾಗ ಒಪ್ಪಿಗಿ ಯಾರು ಕೊಡಬೇಕು ಅಂತ ಕೇಳಿದ್ರ ಬೆವರತೀರಿ.”

“ಹಂಗಾರ ಶನಿವಾರ?”

“ಶನಿವಾರ.”

ಹೀಗೆ ಇಬ್ಬರು ಎದುರಾಳಿಗಳು ಒಬ್ಬರನ್ನೊಬ್ಬರು ತಯಾರು ಮಾಡಿದರು. ಮುಂಡರಗಿಯ ಚಹಾದ ಅಂಗಡಿಯೊಂದರ ಮೂಲೆಯ ಮೇಜು ಸಂದರ್ಶನದ ಕೋಣೆಯಾಯಿತು. ಪ್ಲೇಟಿನ ಮಂಡಕ್ಕಿ ಗಿರ್ಮಿಟ್ ಮೆತ್ತಗಾಗುತ್ತಿತ್ತು. ಆಕೆ ಕೇಳಿದರೆ ಅವನು ಉತ್ತರಿಸುವುದು, ತಪ್ಪಿದರೆ ಆಕೆ ಮೇಜು ಕುಟ್ಟುವುದು. ಅವನು ಕೇಳಿದರೆ ಆಕೆ ಹಳೇ ಪೇಪರಿನ ತುಂಡಿನ ಮೇಲೆ ಲೆಕ್ಕ ಮಾಡುವುದು. ಚೆನ್ನಾಗಿ ಉತ್ತರಿಸಿದಾಗ ಎದುರಿನವರ ಮುಖದಲ್ಲಿ ಅಳುಕು ಮತ್ತು ಖುಷಿ ಎರಡೂ ಒಟ್ಟಿಗೆ ಹೊಳೆಯುತ್ತಿದ್ದವು. ಇಷ್ಟು ಚೂಪಾಗಿ ತಾನು ಯಾವತ್ತೂ ಯೋಚಿಸಿರಲಿಲ್ಲ ಎಂದು ನೀಲಾಳಿಗೆ ಅನಿಸುತ್ತಿತ್ತು. ಇಷ್ಟು ಸಂತೋಷದಿಂದಲೂ.

*

ಸಂದರ್ಶನದ ದಿನ ನೀಲಾ ಅವ್ವನ ಬೆಟಗೇರಿ ಸೀರೆ ಉಟ್ಟಿದ್ದಳು, ಬದನೆಕಾಯಿ ಬಣ್ಣದ್ದು. ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ಫೈಲು ಹಿಡಿದು ನಿಂತಿದ್ದ ಕೊಟ್ರೇಶ ಅವಳನ್ನು ಕಂಡು ಏನೋ ಹೇಳಲು ಹೋಗಿ ಮರೆತ.

“ಏನು?” ಎಂದಳು.

“ಏನಿಲ್ಲ. ಓದಿದ್ದೆಲ್ಲಾ ಹೋತು. ಇದು ಮೋಸ ಆತ್ರಿ.”

ಅವಳ ಮುಖ ಸೀರೆಯ ಬಣ್ಣಕ್ಕೆ ತಿರುಗಿತು. ಅಷ್ಟರಲ್ಲಿ ಅವನ ಹೆಸರು ಕೂಗಿದರು.

ಅವನು ಒಳಗಿದ್ದದ್ದು ಇಪ್ಪತ್ತೈದು ನಿಮಿಷ. ಅದರ ಪ್ರತಿ ನಿಮಿಷವೂ ನೀಲಾಳಿಗೆ ಗೊತ್ತಾಯಿತು. ಅವನು ಚೆನ್ನಾಗಿ ಉತ್ತರಿಸಲಿ ಎಂದು ಮನಸ್ಸು ಬೇಡುತ್ತಿತ್ತು, ತನಗಿಂತ ಒಂದಿಷ್ಟು ಕಡಿಮೆ ಎಂದೂ ಸೇರಿಸುತ್ತಿತ್ತು. ತನ್ನ ಮೇಲೆ ತನಗೇ ನಗು ಬಂತು.

ಅವಳ ಸರದಿ ಬಂದಾಗ ಹಾಸಿಗೆ ಬಳಕೆಯ ಲೆಕ್ಕ ಕೇಳಿಯೇ ಕೇಳಿದರು. ನೀಲಾ ಉಸಿರು ಬಿಡದೆ ಉತ್ತರಿಸಿದಳು. ಕೊನೆಗೆ ಅಧ್ಯಕ್ಷೆಯಾಗಿದ್ದ ಹಿರಿಯ ಮಹಿಳೆ ಪ್ರಬಂಧವನ್ನು ಮುಂದೆ ಸರಿಸಿದರು.

“ಇದರ ಮೇಲೆ ಎರಡು ಹೆಸರಿವೆ. ಇನ್ನೊಬ್ಬರೂ ಅಭ್ಯರ್ಥಿಯೇ. ನಿಜ ಹೇಳಿ, ಈ ಕೆಲಸ ಯಾರದು?”

ಎಲ್ಲ ನನ್ನದು ಎನ್ನುವುದು ಸುಳ್ಳು. ಎಲ್ಲ ಅವನದು ಎನ್ನುವುದು ಇನ್ನೂ ದೊಡ್ಡ ಸುಳ್ಳು.

“ಪ್ರಶ್ನೆ ನನ್ನದು,” ಎಂದಳು ನೀಲಾ. “ಕಾನೂನಿನ ಚೌಕಟ್ಟು, ಅಧ್ಯಯನದ ವಿಧಾನ ನನ್ನದು. ಪತ್ರದ ಭಾಷೆ ಕೊಟ್ರೇಶ ಅವರದು. ಆಸ್ಪತ್ರೆಯಲ್ಲಿ ಅದು ದಿನವೂ ನಡೆಯುವಂತೆ ಮಾಡಿದ್ದೂ ಅವರೇ. ನನ್ನಿಂದ ಅದು ಆಗುತ್ತಿರಲಿಲ್ಲ. ಕೊನೆಯ ಸಾಲು ಮಾತ್ರ ನಮ್ಮಿಬ್ಬರದೂ ಅಲ್ಲ. ಸಾವಕ್ಕ ಎನ್ನುವ ರೋಗಿಯದು. ಪ್ರಬಂಧದ ಕೃತಜ್ಞತೆಯಲ್ಲಿ ಅವರ ಒಪ್ಪಿಗೆ ಪಡೆದು ಅವರ ಹೆಸರು ಹಾಕಿದ್ದೇವೆ.”

ಅಧ್ಯಕ್ಷೆ ತಲೆ ಎತ್ತದೆ ಏನೋ ಬರೆದುಕೊಂಡರು.

ಹೊರಗೆ ಬಂದಾಗ ಕೊಟ್ರೇಶ ಕಾಯುತ್ತಿದ್ದ. “ಯಾರ ಕೆಲಸ ಅಂತ ಕೇಳಿದ್ರೇನು?”

“ಕೇಳಿದ್ರು. ನೀವೇನಂದ್ರಿ?”

“ಪ್ರಶ್ನೆ ಆಕಿದು, ಮಾತು ನಂದು ಅಂದೆ.” ಹಣೆಯ ಬೆವರು ಒರೆಸಿಕೊಂಡ. “ಆಮ್ಯಾಲೆ, ಆಕಿ ಬರಲಿಲ್ಲ ಅಂದ್ರ ನಾ ಇನ್ನೂ ‘ಸದರಿ’ ಅಂತ ಬರಕೊಂತ ಕುಂಡ್ರತಿದ್ದೆ ಅಂದೆ.”

‘ಆಕಿ’ ಎಂದಿದ್ದ. ಮೇಡಂ ಅಲ್ಲ, ಅವರು ಅಲ್ಲ. ಇಬ್ಬರಿಗೂ ಅದು ಕೇಳಿಸಿತ್ತು. ಇಬ್ಬರೂ ಕೇಳದವರಂತೆ ನಿಂತರು.

*

ಹತ್ತು ದಿನಕ್ಕೆ ಫಲಿತಾಂಶ ಬಂತು. ಹುದ್ದೆ ನೀಲಾಳಿಗೆ.

ಅಸುಂಡಿಯ ಮನೆಯಲ್ಲಿ ಅವ್ವ ನೇಮಕಾತಿ ಆದೇಶದ ಪ್ರತಿಯನ್ನು ಎರಡು ಕೈಯಲ್ಲಿ ಹಿಡಿದು, ಮಗಳ ಹೆಸರಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ತಾನೇ ಓದಿದಳು. ಗಾಳೆಪ್ಪ ಓಣಿಗೆಲ್ಲ ಪೇಢೆ ಹಂಚಲು ಹೊರಟ. ನೀಲಾ ಮೊಬೈಲ್ ಹಿಡಿದು ಹಿತ್ತಲಿಗೆ ಓಡಿದಳು. ಅವನ ಸಂದೇಶ ಬಂದಿತ್ತು. ‘ಅಭಿನಂದನೆಗಳು.’ ಅಷ್ಟೇ.

ಆಕೆ ಫೋನ್ ಮಾಡಿದಳು. ಎತ್ತಲಿಲ್ಲ. ಮರುದಿನ ‘ಕೆಲಸ ಐತ್ರಿ, ಮಾಡ್ತೀನಿ’ ಎಂದು ಬರೆದ. ಮಾಡಲಿಲ್ಲ. ಶನಿವಾರ ಬಂದು ಹೋಯಿತು.

ಕೆಲಸಕ್ಕೆ ಸೇರಿ ಮೊದಲ ಪಾಠ ಮಾಡಿ ಬಂದ ದಿನ ವಿದ್ಯಾರ್ಥಿಗಳು ಒಂದು ಗಂಟೆ ಮಿಸುಕದೆ ಕೇಳಿದ್ದರು. ಅದನ್ನು ಯಾರಿಗೆ ಹೇಳುವುದು? ಅಮೀರಾಳಿಗೆ ಹೇಳಿದಳು, ಅವ್ವನಿಗೆ ಹೇಳಿದಳು. ಆದರೂ ಹೇಳಿದಂತಾಗಲಿಲ್ಲ.

“ಗೆದ್ದಾಕಿ ನೀನು. ಮಾರಿ ಮಾತ್ರ ಸೋತಂಗ ಐತಿ,” ಎಂದಳು ಅಮೀರಾ.

“ಅವಂಗ ನಾ ಗೆದ್ದಿದ್ದು ತಡಕೊಳ್ಳಾಕ ಆಗವಲ್ದು ಅನಸ್ತೈತಿ.”

“ಅನಸ್ತೈತಿ ಅಂತ ಕುಂಡ್ರಬ್ಯಾಡ. ಹೋಗಿ ಕೇಳು.”

ಮುಂದಿನ ಶನಿವಾರ ಬೆಳಿಗ್ಗೆಯೇ ನೀಲಾ ಮುಂಡರಗಿಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳಗಳನ್ನು ಪೋಣಿಸಿದಳು. ಆಸ್ಪತ್ರೆಯ ಬಾಗಿಲಲ್ಲಿ ರಮಜಾನಬಿ ಅವಳನ್ನು ಕಂಡು ಹಣೆ ಬಡಿದುಕೊಂಡಳು.

“ಅಯ್ಯ ಮೇಡಂ! ಅವರು ನಿಮ್ಮ ಕಡೇನ ಹೋದ್ರಲ್ರಿ! ಎರಡು ತಾಸು ಆತು, ಮೂರು ಸಲ ತಲಿ ಬಾಚಿ ಹೋದ್ರು.”

ಅದೇ ಕ್ಷಣ ಮೊಬೈಲ್ ರಿಂಗಣಿಸಿತು.

“ಎಲ್ಲಿದ್ದೀರಿ?” ಕೊಟ್ರೇಶನ ದನಿಯಲ್ಲಿ ಏದುಸಿರು. “ನಾ ನಾಗಾವಿಯೊಳಗ ನಿಮ್ಮ ಡಿಪಾರ್ಟ್‌ಮೆಂಟ್ ಮುಂದ ನಿಂತೀನಿ. ಕೀಲಿ ಹಾಕೈತಿ.”

“ನಾ ಮುಂಡರಗಿಯೊಳಗ ನಿಮ್ಮ ಆಸ್ಪತ್ರಿ ಮುಂದ ನಿಂತೀನಿ!”

“ಅಲ್ಲೇ ಇರ್ರಿ, ಬಂದೆ.”

“ಎರಡು ತಾಸು ಕುಂಡ್ರಾಕ ನನ್ನ ಕಡೆ ತಾಳ್ಮಿ ಇಲ್ಲ. ಅರ್ಧ ದಾರಿ ನೀವು ಬರ್ರಿ, ಅರ್ಧ ನಾ ಬರ್ತೀನಿ. ಡಂಬಳದಾಗ ಇಳೀರಿ.”

ಮರಳುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನೀಲಾ ಕಂಬಿ ಹಿಡಿದು ನಿಂತೇ ಬಂದಳು. ಪೋಣಿಸಿದ ಬೈಗುಳಗಳೆಲ್ಲ ಎಲ್ಲೋ ಉದುರಿಹೋಗಿದ್ದವು.

ಡಂಬಳದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಅವನು ಇನ್ನೂ ಬಂದಿರಲಿಲ್ಲ. ಬೇವಿನ ಮರದ ಕೆಳಗೆ ಆಕೆ ಹದಿನೈದು ನಿಮಿಷ ಕಾದಳು. ಗದಗದಿಂದ ಬಂದ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅವನು ಕೆಳಗೆ ಹಾರಿದ. ಕಂಡಕ್ಟರ್ ಬೈದದ್ದು ಅವನಿಗೆ ಕೇಳಿಸಲೇ ಇಲ್ಲ. ಬಾಚಿದ ತಲೆಯೆಲ್ಲ ಕೆದರಿತ್ತು.

ಎದುರು ಬಂದು ನಿಂತ. ಆಕೆಯೇ ಮೊದಲು ಕೇಳಿದಳು.

“ಯಾಕ ಫೋನ್ ಎತ್ತಲಿಲ್ಲ?”

“ಸಂಕಟ ಆಗಿತ್ರಿ,” ಎಂದ ಕೊಟ್ರೇಶ. “ಸುಳ್ಳು ಹೇಳೂದಿಲ್ಲ. ಆ ಕೆಲಸ ನಂಗ ಭಾಳ ಬೇಕಾಗಿತ್ತು. ನಿಮಗ ಆತು ಅಂತ ಖುಷಿನೂ ಇತ್ತು. ಆದ್ರ ಅರ್ಧಾ ಖುಷಿ. ಅರ್ಧಾ ಖುಷಿ ತಗೊಂಡು ನಿಮ್ಮ ಮುಂದ ಬರೂದು ನನ್ನಿಂದ ಆಗಲಿಲ್ಲ. ನೀವು ಮಾರಿ ನೋಡಿದ್ರ ಗೊತ್ತುಮಾಡ್ಕೋತಿದ್ರಿ. ಅದಕ್ಕ, ಪೂರ್ತಿ ಆಗೂತನಕ ಕಾದೆ. ಇವತ್ತು ಮುಂಜಾನೆ ಎದ್ದಾಗ ಪೂರ್ತಿ ಆಗಿತ್ತು. ಅದನ್ನ ಹೇಳಾಕ ಓಡಿಬಂದೆ.”

ನೀಲಾ ಅವನ ಮುಖ ನೋಡಿದಳು, ಗಾಜಿನಲ್ಲಲ್ಲ, ನೇರವಾಗಿ. ದಿನಗಟ್ಟಲೆ ನಿದ್ದೆಗೆಟ್ಟ ಕಣ್ಣು. ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ.

“ನನಗ ಬಂದ ಮೊದಲನೇ ಕ್ಲಾಸಿನ ಖುಷಿ ನಾಕು ದಿನದಿಂದ ಎದಿಯಾಗ ಕುಂತೈತಿ,” ಎಂದಳು. “ಯಾರಿಗೆ ಹೇಳಿದ್ರೂ ಮುಗೀವಲ್ದು. ನಿಮಗ ಹೇಳಬೇಕಾಗಿತ್ತು.”

“ಹೇಳ್ರಿ.”

“ಈಗ ಬ್ಯಾಡ. ಮೊದಲು ನೀವು ಹೇಳಬೇಕಾದ್ದು ಹೇಳ್ರಿ. ಮೂರು ಸಲ ತಲಿ ಬಾಚಿದ್ದು ಬರೇ ಅಭಿನಂದನಾ ಹೇಳಾಕಲ್ಲ.”

ಕೊಟ್ರೇಶ ತಲೆಗೆ ಕೈ ಹಚ್ಚಿಕೊಂಡ, ಕೆದರಿದ್ದು ಈಗ ಗೊತ್ತಾದವನಂತೆ. “ರಮಜಾನಕ್ಕ ಹೇಳಿದ್ಲೇನು?” ಎಂದವನು ನಗುವುದನ್ನು ನಿಲ್ಲಿಸಿದ. “ನೀಲಾ. ನೀವಂದ್ರ ನಂಗ ಪ್ರೀತಿ ಐತಿ. ಆ ಸಭಾದಾಗ ಎಲ್ಲಾರ ಮುಂದ ಬೈಸ್ಕೊಂಡಾಗಿಂದ. ನಿಮ್ಮ ಜೋಡಿ ಜಗಳ ಆಡಕೋತ, ಓದಕೋತ, ಬರಕೋತ ಇರಬೇಕು ಅನಸ್ತೈತಿ. ಧಾರವಾಡದಾಗ ಪಿಎಚ್‌ಡಿಗೆ ಅರ್ಜಿ ಹಾಕೀನಿ. ಮತ್ತೊಂದು ಹುದ್ದೆ ಎಲ್ಲಿ ಕರದ್ರೂ ಹಾಕ್ತೀನಿ. ಅದು ಸಿಗಲಿ ಬಿಡಲಿ, ನೀವು...”

“ಮತ್ತ ಇಬ್ಬರೂ ಒಂದ ಹುದ್ದೆಗೆ ಹಾಕಿದ್ರ?”

“ಆವಾಗ ನಾ ಸೋಲಸ್ತೀನಿ.”

ನೀಲಾ ನಕ್ಕಳು. ನಗುವಿನ ನಡುವೆಯೇ ಕಣ್ಣು ತುಂಬಿಬಂತು. ಅದನ್ನು ಒರೆಸಿಕೊಳ್ಳದೆ, ಹಗಲು ಹೊತ್ತಿನಲ್ಲಿ, ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಜನರ ಎದುರಿಗೇ, ಅವನ ಕೈ ಹಿಡಿದುಕೊಂಡಳು. ಇಂಕು ಹತ್ತಿದ ಬೆರಳುಗಳು ತಣ್ಣಗಿದ್ದವು. ನಿಧಾನವಾಗಿ ಬೆಚ್ಚಗಾದವು.

“ನಂಗೂ,” ಎಂದಳು. “ಭಾಳ ದಿನದಿಂದ.”

ಗದಗದ ಕಡೆ ಹೋಗುವ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು.

“ನಡೀರಿ,” ಎಂದಳು ನೀಲಾ, ಕೈ ಬಿಡದೆ.

“ಎಲ್ಲಿಗೆ?”

“ಅಸುಂಡಿಗೆ. ನಮ್ಮವ್ವ ಇವತ್ತು ರೊಟ್ಟಿ ಬಡೀತಿರ್ತಾಳ. ನಮ್ಮಪ್ಪ ಮನಿಯಾಗ ಅದಾನ. ಖಬರ ಇವತ್ತ ಹೇಳಿಬಿಡೂಣು.”

“ಇವತ್ತೇ?” ಕೊಟ್ರೇಶನ ಕಣ್ಣುಗಳು ಅಗಲವಾದವು. “ನಾ ಏನು ಮಾತಾಡಬೇಕಂತ ತಯಾರಿನೂ ಮಾಡಿಲ್ಲ!”

“ಗದಗ ಮುಟ್ಟಾಕ ಅರ್ಧಾ ತಾಸು ಐತಿ,” ಎಂದು ಆಕೆ ಅವನನ್ನು ಮೆಟ್ಟಿಲ ಮೇಲೆ ಎಳೆದುಕೊಂಡಳು. “ಬರ್ರಿ, ನಾ ಗಾಳೆಪ್ಪ ಆಗಿ ಪ್ರಶ್ನೆ ಕೇಳ್ತೀನಿ. ನೀವು ಉತ್ತರ ಹೇಳ್ರಿ.”